ಇಳಿಸಿದರೂ ಇಳಿಯದ ಹೊರೆ: ಸ್ಮೃತಿ ಸೋರಿಕೆಯ ಇತಿಹಾಸ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸೋರಿಕೆ ಎಂದರೆ ಮೊದಲು ನೆನಪಾಗುವುದು ಮಳೆಗಾಲದ ಮಾಡು. ಗಣಕದಲ್ಲೂ ಒಂದು ಸೋರಿಕೆ ಉಂಟು. ಆದರೆ ಅಲ್ಲಿ ಏನೂ ಹೊರಕ್ಕೆ ಹರಿಯುವುದಿಲ್ಲ. ಬಳಸಿ ಮುಗಿದ ಸ್ಮೃತಿ, ಅಂದರೆ ಮೆಮೊರಿ, ಹಿಂತಿರುಗದೆ ಒಳಗೇ ಉಳಿಯುತ್ತದೆ.

ದೊಡ್ಡ ತಂತ್ರಾಂಶವನ್ನು ಹಲವು ಘಟಕಗಳಾಗಿ (ಮಾಡ್ಯೂಲ್) ಬರೆಯುತ್ತಾರೆ. ಬೇಕಾದಾಗ ಘಟಕವನ್ನು ಸ್ಮೃತಿಗೆ ಏರಿಸಿ, ಕೆಲಸ ಮುಗಿದ ಮೇಲೆ ಇಳಿಸುವುದು ಕ್ರಮ. ಇಳಿಸಿದಾಗ ಅದು ಹಿಡಿದಿದ್ದ ಜಾಗವೆಲ್ಲ ಬಿಡುಗಡೆಯಾಗಬೇಕು. ಹಾಗಾಗದಿದ್ದರೆ ಪ್ರತಿ ಸುತ್ತಿಗೂ ಸ್ವಲ್ಪ ಜಾಗ ನಷ್ಟವಾಗುತ್ತದೆ.

ಬಳಸಿದ ಸ್ಮೃತಿಯನ್ನು ತಾನಾಗಿ ಮರಳಿ ಪಡೆಯುವ ವಿಧಾನವನ್ನು ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ 1959ರ ಸುಮಾರಿಗೆ ರೂಪಿಸಿದರು. ಇದೇ ‘ಕಸ ಸಂಗ್ರಹಣೆ’. 1960ರಲ್ಲಿ ಜಾರ್ಜ್ ಕಾಲಿನ್ಸ್ ಇನ್ನೊಂದು ದಾರಿ ಸೂಚಿಸಿದರು: ಒಂದು ವಸ್ತುವನ್ನು ಎಷ್ಟು ಕಡೆಯಿಂದ ಉಲ್ಲೇಖಿಸಲಾಗಿದೆ ಎಂದು ಎಣಿಸುವುದು, ಎಣಿಕೆ ಸೊನ್ನೆಯಾದೊಡನೆ ಅಳಿಸುವುದು. ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡರೆ ಎಣಿಕೆ ಎಂದೂ ಸೊನ್ನೆಯಾಗದು. ಈ ತೊಡಕನ್ನು 1963ರಲ್ಲೇ ಗುರುತಿಸಲಾಯಿತು.

ಸಣ್ಣ ಸೋರಿಕೆಯ ಬೆಲೆ ಎಷ್ಟು? 1992ರ ಅಕ್ಟೋಬರ್ 26ರಂದು ಲಂಡನ್ನಿನ ಆಂಬುಲೆನ್ಸ್ ಸೇವೆ ಹೊಸ ಗಣಕ ವ್ಯವಸ್ಥೆಗೆ ಬದಲಾಯಿತು. ನವೆಂಬರ್ 4ರ ನಸುಕಿನಲ್ಲಿ ಅದು ನಿಧಾನವಾಗಿ, ಕೊನೆಗೆ ನಿಂತೇಹೋಯಿತು. ವಾಹನವನ್ನು ಕಳುಹಿಸಿದ ಪ್ರತಿ ಸಲವೂ ಸರ್ವರ್‌ನ ಸ್ವಲ್ಪ ಸ್ಮೃತಿ ಬಳಕೆಯಾಗಿ, ಬಿಡುಗಡೆಯಾಗದೆ ಉಳಿಯುತ್ತಿತ್ತು. ಸುಮಾರು ಮೂರು ವಾರಗಳಲ್ಲಿ ಸ್ಮೃತಿ ಪೂರ್ತಿ ತುಂಬಿತ್ತೆಂದು ತನಿಖಾ ವರದಿ ತಿಳಿಸಿತು.

1990ರ ದಶಕದಲ್ಲಿ ಬಂದ ಜಾವಾ ಭಾಷೆಯಲ್ಲಿ ಕಸ ಸಂಗ್ರಹಣೆ ಹುಟ್ಟಿನಿಂದಲೇ ಇತ್ತು. ಆದರೂ ಸಮಸ್ಯೆ ತೀರಲಿಲ್ಲ. ಅಲ್ಲಿ ಒಂದು ಘಟಕದ ‘ಕ್ಲಾಸ್’ಗಳು ಅಳಿಯಬೇಕಾದರೆ ಅವುಗಳನ್ನು ಏರಿಸಿದ ‘ಕ್ಲಾಸ್ ಲೋಡರ್’ ಮೇಲೆ ಯಾರ ಹಿಡಿತವೂ ಇರಬಾರದು. ನಿಲ್ಲಿಸಲು ಮರೆತ ಒಂದೇ ಥ್ರೆಡ್ ಇಡೀ ಘಟಕವನ್ನು ಹಿಡಿದಿಡಬಲ್ಲದು. 2002ರ ಡಾಟ್‌ನೆಟ್‌ನಲ್ಲಿ ಒಂದೊಂದೇ ಘಟಕವನ್ನು ಇಳಿಸಲು ಅವಕಾಶವಿರಲಿಲ್ಲ. ಅದಿದ್ದ ಆವರಣವನ್ನೇ ಇಳಿಸಬೇಕಿತ್ತು. 2019ರ ಡಾಟ್‌ನೆಟ್ ಕೋರ್ 3.0 ಬೇರೆ ವಿಧಾನ ನೀಡಿತು. ಅಲ್ಲೂ ಒಂದು ಉಲ್ಲೇಖ ಉಳಿದರೆ ಇಳಿಕೆ ಪೂರ್ಣವಾಗದು.

ನಮ್ಮಲ್ಲಿ 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ತಾಲ್ಲೂಕು ಕಚೇರಿಗಳಲ್ಲೇ ಗಣಕೀಕೃತ ಪಹಣಿ ಸಿಗತೊಡಗಿತು. ಹೀಗೆ ದಿನವಿಡೀ ಸರತಿ ಸಾಲಿಗೆ ಸೇವೆ ನೀಡುವ ಗಣಕಗಳಲ್ಲೇ ಸೋರಿಕೆಯ ಅಪಾಯ ಹೆಚ್ಚು. ಇನ್ನೊಂದು ಸ್ವಾರಸ್ಯವಿದೆ. ಗಣಕ ಆರಿ ಮತ್ತೆ ಹೊತ್ತಿಕೊಂಡಾಗ ಸ್ಮೃತಿ ಖಾಲಿಯಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಆಗಾಗ ಕರೆಂಟು ಹೋಗುವ ಊರಿನಲ್ಲಿ ಸೋರಿಕೆ ಬೆಳಕಿಗೆ ಬಾರದೇ ಇರಬಹುದು. ಯುಪಿಎಸ್ ಬಂದು ಗಣಕ ವಾರಗಟ್ಟಲೆ ನಡೆದಾಗ ಅದೇ ತಂತ್ರಾಂಶ ಕೈಕೊಡಬಹುದು!

ಶಿಕ್ಷಕರು ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿಸಬಹುದು. ಒಂದು ಘಟಕವನ್ನು ನೂರು ಸಲ ಏರಿಸಿ ಇಳಿಸಿ, ಪ್ರತಿ ಹತ್ತು ಸುತ್ತಿಗೆ ಸ್ಮೃತಿ ಬಳಕೆಯನ್ನು ಗುರುತಿಸಿ ನಕ್ಷೆ ಬರೆಯಿರಿ. ಗೆರೆ ಮೊದಲು ಏರಿ ನಂತರ ಸಮತಟ್ಟಾದರೆ ಚಿಂತೆಯಿಲ್ಲ; ಮುಂದಿನ ಬಳಕೆಗೆಂದು ಗಣಕ ಕೊಂಚ ಜಾಗ ಕಾದಿರಿಸಿದೆ ಎಂದರ್ಥ. ಪ್ರತಿ ಸುತ್ತಿಗೂ ಏರುತ್ತಲೇ ಹೋದರೆ, ಇಳಿಸಿದ ಘಟಕವನ್ನು ಇನ್ನೂ ಯಾರು ಹಿಡಿದಿದ್ದಾರೆಂದು ಹುಡುಕಿರಿ.