ಸಕ್ಕರೆ ಕಾಯಿಲೆಯವರ ಪಾದ: ವೆಲ್ಲೂರಿನಿಂದ ಗೃಹ ಆರೋಗ್ಯದವರೆಗೆ

ಸಕ್ಕರೆ ಕಾಯಿಲೆಯವರ ಪಾದ ಉಳಿಸುವ ವಿದ್ಯೆಯ ಒಂದು ಬೇರು ಕುಷ್ಠರೋಗದ ವಾರ್ಡಿನಲ್ಲಿದೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂಬ ಮಾತನ್ನು ಒಪ್ಪಲಿಲ್ಲ. ರೋಗ ಕೆಡಿಸುವುದು ನರವನ್ನು. ನೋವೇ ತಿಳಿಯದ ಮೇಲೆ ಮನುಷ್ಯ ಗಾಯದ ಮೇಲೇ ನಡೆಯುತ್ತಾನೆ, ಹುಣ್ಣು ಮೂಳೆಗಿಳಿಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಹುಣ್ಣಿನ ಮೇಲಿನ ಭಾರ ತಪ್ಪಿಸಲು ಪ್ಲಾಸ್ಟರ್, ಮುಂದೆ ಹುಣ್ಣಾಗದಂತೆ ಮೆತ್ತನೆಯ ಮೈಕ್ರೋಸೆಲ್ಯುಲರ್ (ಎಂಸಿಆರ್) ರಬ್ಬರಿನ ಚಪ್ಪಲಿ: ಚಿಕಿತ್ಸೆ ಇಷ್ಟು ಸರಳ. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಮರಗಟ್ಟಿದ ಪಾದದ ಈ ಪಾಠ ಅಲ್ಲಿಂದ, ಹಾಗೆಯೇ ನರ ಕೆಡುವ ಮಧುಮೇಹಿಗಳ ಚಿಕಿತ್ಸೆಗೂ ಹರಡಿತು.

1980ರ ದಶಕದ ಆರಂಭದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮೈಕೆಲ್ ಎಡ್ಮಂಡ್ಸ್ ಮತ್ತು ಸಂಗಡಿಗರು ಪಾದಕ್ಕೆಂದೇ ಕ್ಲಿನಿಕ್ ತೆರೆದರು. ವೈದ್ಯ, ಶಸ್ತ್ರವೈದ್ಯ, ನರ್ಸ್, ಪಾದತಜ್ಞ, ಪಾದರಕ್ಷೆ ಮಾಡುವವರು ಎಲ್ಲರೂ ಒಂದೇ ಸೂರಿನಡಿ. ಕಾಲು ಕತ್ತರಿಸುವ ಪ್ರಸಂಗಗಳು ಕಡಿಮೆಯಾದವೆಂದು 1986ರಲ್ಲಿ ಅವರು ಪ್ರಕಟಿಸಿದಾಗ ಸರ್ಕಾರಗಳಿಗೆ ತೋರಿಸಲು ಒಂದು ಮಾದರಿ ಸಿಕ್ಕಿತು.

ಪಾದ ಸರ್ಕಾರಿ ಕಾಗದಕ್ಕೆ ಏರಿದ್ದು 1989ರಲ್ಲಿ. ಇಟಲಿಯ ಸೇಂಟ್ ವಿನ್ಸೆಂಟ್‌ನಲ್ಲಿ ಸೇರಿದ ಯುರೋಪಿನ ಆರೋಗ್ಯ ಇಲಾಖೆಗಳ ಪ್ರತಿನಿಧಿಗಳು, ಮಧುಮೇಹದ ಗ್ಯಾಂಗ್ರೀನಿನಿಂದ ಕಾಲು ಕತ್ತರಿಸುವುದನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸುವ ಗುರಿ ಹಾಕಿಕೊಂಡರು. ಹೆಚ್ಚಿನ ದೇಶಗಳು ಆ ಗಡುವಿನಲ್ಲಿ ಗುರಿ ಮುಟ್ಟಲಿಲ್ಲ. ಆದರೂ ಆ ಘೋಷಣೆ ಸೋತಿತೆಂದು ನಾನು ಹೇಳಲಾರೆ. ಕಾಲು ಎಣಿಸಬೇಕಾದ ಸಂಗತಿ ಎಂದು ಅದು ಕಲಿಸಿತು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 1993ರಿಂದ, ಅಪಾಯವಿರುವ ಮಧುಮೇಹಿಗಳಿಗೆ ವರ್ಷಕ್ಕೊಂದು ಜೊತೆ ವಿಶೇಷ ಶೂಗಳಿಗೆ ಹಣ ಕೊಡುತ್ತಿದೆ. ಬೆಲ್ಜಿಯಂ 2005ರಿಂದ ಪಾದ ಕ್ಲಿನಿಕ್‌ಗಳಿಗೆ ಮಾನ್ಯತೆ ಕೊಟ್ಟು, ಅವುಗಳ ಗುಣಮಟ್ಟ ಪರಿಶೀಲಿಸುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್ 2014ರಿಂದ ಪಾದಚಿಕಿತ್ಸೆಯ ರಾಷ್ಟ್ರೀಯ ಲೆಕ್ಕ ಇಡುತ್ತಿವೆ.

ಇನ್ನು ನಮ್ಮ ದೇಶ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದಂತೆ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. ಇಲ್ಲಿ ಮೊದಲು ಎದ್ದು ನಿಂತವರು ವೈದ್ಯರೇ. ನಾಗಪುರದ ಶರದ್ ಪೆಂಡ್ಸೆ ಮುಂತಾದವರು ಈ ಶತಮಾನದ ಮೊದಲ ದಶಕದಲ್ಲಿ ನಡೆಸಿದ 'ಸ್ಟೆಪ್ ಬೈ ಸ್ಟೆಪ್' ಯೋಜನೆ, ವೈದ್ಯ ಮತ್ತು ಸಹಾಯಕರ ಜೋಡಿಗಳಿಗೆ ಪಾದಪರೀಕ್ಷೆ ಕಲಿಸಿತು; ಟಾಂಜಾನಿಯಾದಲ್ಲೂ ಅದು ನಡೆಯಿತು. ಪರೀಕ್ಷೆ ನೋಡಲು ಏನೂ ಅಲ್ಲ. ರೋಗಿ ಕಣ್ಣು ಮುಚ್ಚಿಕೊಂಡಿರುತ್ತಾರೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಹೆಬ್ಬೆರಳಿಗೆ, ಅಂಗಾಲಿನ ಮುಂಭಾಗಕ್ಕೆ ಮುಟ್ಟಿಸಿ 'ಗೊತ್ತಾಯಿತೇ?' ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ಆ ಪಾದ ಅಪಾಯದಲ್ಲಿದೆ. ಜೊತೆಗೆ ಬೆರಳ ಸಂದಿ, ಆಣಿ, ಪಾದದ ನಾಡಿ ನೋಡಬೇಕು. ಎಲ್ಲ ಸೇರಿ ಕೆಲವೇ ನಿಮಿಷ. ಆದರೆ ನಮ್ಮ ಓಪಿಡಿಗಳಲ್ಲಿ ಸಾಮಾನ್ಯವಾಗಿ ಆ ನಿಮಿಷಗಳೂ ಸಿಗುವುದಿಲ್ಲ. ಶುಗರ್ ರಿಪೋರ್ಟ್ ನೋಡಿ ಮಾತ್ರೆ ಬರೆದರೆ ಮುಗಿಯಿತು, ಕಾಲುಚೀಲ ಬಿಚ್ಚಿಸುವವರು ಯಾರು?

2010ರಲ್ಲಿ 100 ಜಿಲ್ಲೆಗಳಲ್ಲಿ ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಸಕ್ಕರೆ ತಪಾಸಣೆಯನ್ನು ಹಳ್ಳಿಗೆ ತಂದಿತು. ಅದು ನಿಜವಾದ ಸಾಧನೆ. ಹಣದ ದಾರಿ ಮಾತ್ರ ತಲೆಕೆಳಗು. 2018ರ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಆಸ್ಪತ್ರೆ ಸೇರಿದ ಮೇಲಿನ ಖರ್ಚು ನೋಡಿಕೊಳ್ಳುತ್ತದೆ, ಅಂದರೆ ಕಾಲು ಕತ್ತರಿಸುವ ಹಂತಕ್ಕೆ ಬಂದವರಿಗೆ ನೆರವಿದೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಹೊರರೋಗಿಯಾಗಿ ಮಾಡಿಸುವ ಡ್ರೆಸಿಂಗ್, ಕೂಲಿ ಬಿಟ್ಟು ಕೂರುವ ದಿನಗಳು, ತಕ್ಕ ಚಪ್ಪಲಿ, ಇವು ರೋಗಿಯ ಹೊರೆ. ಕುಷ್ಠರೋಗದ ಕಾರ್ಯಕ್ರಮ ಎಂಸಿಆರ್ ಚಪ್ಪಲಿಯನ್ನು ಉಚಿತವಾಗಿ ಕೊಡುತ್ತದೆ. ಅಂಥದೇ ಪಾದವಿರುವ ಮಧುಮೇಹಿಗೆ ಅದು ಇನ್ನೂ ಹಕ್ಕಾಗಿಲ್ಲ. ವೆಲ್ಲೂರು ಕಲಿಸಿದ ಪಾಠವನ್ನು ಒಂದೇ ಇಲಾಖೆ ಅರ್ಧ ಮಾತ್ರ ಓದಿದಂತಾಯಿತು.

ಕರ್ನಾಟಕ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ 'ಗೃಹ ಆರೋಗ್ಯ' ಯೋಜನೆ ಮನೆಬಾಗಿಲ ತಪಾಸಣೆಯ ದಾರಿ ಹಿಡಿದಿದ್ದು, ಮಧುಮೇಹದ ಪಾದವನ್ನೂ ಪಟ್ಟಿಗೆ ಸೇರಿಸಿದೆ. ಹೆಜ್ಜೆ ಸರಿ. ಆದರೆ ಪತ್ತೆಯಾದ ಹುಣ್ಣಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವವರು, ರಕ್ತನಾಳ ತಜ್ಞರಿಗೆ ತಡಮಾಡದೆ ಕಳಿಸುವ ವ್ಯವಸ್ಥೆ ಇರದಿದ್ದರೆ ತಪಾಸಣೆ ಬರೀ ನಮೂದಾಗುತ್ತದೆ. ಮಧುಮೇಹಿಯ ಚಪ್ಪಲಿಯನ್ನು ಔಷಧಿ ಪಟ್ಟಿಗೆ ಸೇರಿಸಿ, ಪ್ರತಿ ಜಿಲ್ಲೆಯೂ ವರ್ಷಕ್ಕೆ ಎಷ್ಟು ಕಾಲು ಕತ್ತರಿಸಿತೆಂಬ ಲೆಕ್ಕವನ್ನು ಆರೋಗ್ಯ ಇಲಾಖೆ ಪ್ರಕಟಿಸಲಿ.