ಪೈಥಾನ್: ವೇರಿಯಬಲ್‌ಗೆ ಕನ್ನಡದಲ್ಲಿ ಹೆಸರಿಡುವ ನಿಯಮಗಳು

ಗಣಕಯಂತ್ರಕ್ಕೆ ಕೊಟ್ಟ ಮೌಲ್ಯವೊಂದನ್ನು ಮತ್ತೆ ಬಳಸಲು ಅನುಕೂಲವಾಗುವಂತೆ ಇಡುವ ಹೆಸರೇ ವೇರಿಯಬಲ್. ಗೈಡೊ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್, ಹೊಸಬರು ಕಲಿಯುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪ್ರಮುಖವಾದುದು. 2008ರಲ್ಲಿ ಬಂದ ಇದರ 3ನೇ ಆವೃತ್ತಿಯಿಂದ ವೇರಿಯಬಲ್ ಹೆಸರನ್ನು ಕನ್ನಡ ಲಿಪಿಯಲ್ಲೂ ಬರೆಯಬಹುದು. ಮಕ್ಕಳಿಗಾಗಿ ಯು.ಬಿ. ಪವನಜ ಅವರು ರೂಪಿಸಿದ ಕನ್ನಡ ಲೋಗೋದಲ್ಲಿ ಆದೇಶಗಳೂ ಕನ್ನಡದವು. ಪೈಥಾನ್‌ನಲ್ಲಿ ಹೆಸರಷ್ಟೇ ಕನ್ನಡ, ಆದೇಶಗಳು ಇಂಗ್ಲಿಷಿನವೇ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳ ಮಳೆಯ ಲೆಕ್ಕವಿಡುವ ಪುಟ್ಟ ಪ್ರೋಗ್ರಾಮನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪಾಲಿಸಬೇಕಾದ ನಿಯಮಗಳು ಇವು:

1. ಹೆಸರು ಅಕ್ಷರ ಅಥವಾ ಅಡಿಗೆರೆಯಿಂದ (_) ಆರಂಭವಾಗಬೇಕು. ‘ಮಳೆ1’ ಸರಿ, ‘1ಮಳೆ’ ತಪ್ಪು. ಕನ್ನಡ ಅಂಕಿಗಳಿಗೂ ಇದೇ ನಿಯಮ.

2. ನಡುವೆ ಖಾಲಿ ಜಾಗ ಇರಕೂಡದು. ‘ಮಳೆ ಶಿಡ್ಲಘಟ್ಟ’ ತಪ್ಪು, ‘ಮಳೆ_ಶಿಡ್ಲಘಟ್ಟ’ ಸರಿ. ಅಡ್ಡಗೆರೆ ಹಾಕಿದರೆ ಅದು ವ್ಯವಕಲನವಾಗುತ್ತದೆ.

3. ಇಫ್, ಫಾರ್, ವೈಲ್ ಮೊದಲಾದ ಕಾಯ್ದಿರಿಸಿದ ಪದಗಳನ್ನು ಬಳಸುವಂತಿಲ್ಲ. ಇವೆಲ್ಲ ಇಂಗ್ಲಿಷ್ ಲಿಪಿಯಲ್ಲಿರುವುದರಿಂದ ಕನ್ನಡದ ಹೆಸರುಗಳಿಗೆ ಈ ತೊಡಕಿಲ್ಲ. ದೊಡ್ಡಕ್ಷರ, ಸಣ್ಣಕ್ಷರಗಳ ಗೊಂದಲವೂ ಇಲ್ಲ.

4. ‘ಜೂನ್‌ಮಳೆ’ ಎಂದು ಬರೆಯುವಾಗ ನಕಾರ, ಮಕಾರಗಳು ಒತ್ತಕ್ಷರವಾಗದಂತೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸಬೇಕಾಗುತ್ತದೆ. ಪೈಥಾನ್ ಅದನ್ನು ಒಪ್ಪುವುದಿಲ್ಲ. ‘ಜೂನ್_ಮಳೆ’ ಎಂದು ಬರೆಯುವುದೇ ಇದಕ್ಕೆ ಪರಿಹಾರ.

ಎಲ್ಲಕ್ಕಿಂತ ಮುಖ್ಯವಾದುದು ಕಾಗುಣಿತ. ‘ಚಿಂತಾಮಣಿ’, ‘ಚಿನ್ತಾಮಣಿ’ ಎರಡೂ ಓದುಗನಿಗೆ ಒಂದೇ ಊರು. ಪೈಥಾನ್‌ಗೆ ಬೇರೆ ಬೇರೆ ಹೆಸರು. ಮೊದಲು ‘ಮಳೆ_ಚಿಂತಾಮಣಿ = 42’ ಎಂದು ಬರೆದು, ಬಳಿಕ ಮಿಲಿಮೀಟರ್ ಲೆಕ್ಕವನ್ನು ತಿದ್ದಲು ‘ಮಳೆ_ಚಿನ್ತಾಮಣಿ = 48’ ಎಂದು ಬರೆದರೆ ಹಳೆಯ ಮೌಲ್ಯ ಬದಲಾಗದು. ಹೊಸ ವೇರಿಯಬಲ್ ಒಂದು ಸದ್ದಿಲ್ಲದೆ ಹುಟ್ಟಿಕೊಳ್ಳುತ್ತದೆ. ಮೊದಲಿನ ಹೆಸರನ್ನೇ ಬಳಸಿ ಕೂಡಿದ ಮೊತ್ತದಲ್ಲಿ 6 ಮಿ.ಮೀ. ಕಡಿಮೆಯಾಗುತ್ತದೆ, ಆದರೂ ದೋಷದ ಸೂಚನೆ ಬರುವುದಿಲ್ಲ. ಅದೇ ತಪ್ಪು ಹೆಸರು ಕೂಡುವ ಸಾಲಿನಲ್ಲಿ ಮಾತ್ರ ಬಂದಿದ್ದರೆ ಪ್ರೋಗ್ರಾಮ್ ಅಲ್ಲಿಯೇ ನಿಂತು ತಪ್ಪನ್ನು ತೋರಿಸುತ್ತಿತ್ತು.

ಬರ ಘೋಷಣೆಗೆ ಮಳೆ ಕೊರತೆಯ ಲೆಕ್ಕವೇ ಆಧಾರವಾಗುವ ಬಯಲುಸೀಮೆಯಲ್ಲಿ ಇಂಥ ಮೌನದೋಷ ಕ್ಷುಲ್ಲಕವಲ್ಲ. ಆದ್ದರಿಂದ ಬಳಸುವ ಹೆಸರುಗಳನ್ನು ಮೊದಲೇ ಪಟ್ಟಿ ಮಾಡಿಕೊಂಡು, ಪ್ರತಿ ಬಾರಿಯೂ ಅಲ್ಲಿಂದಲೇ ನಕಲಿಸಿಕೊಳ್ಳುವುದು ಒಳಿತು.