ಹೆಸರು ಹಳೆಯದು, ಗೆಣಸು ಹೊಸದು

ಋಷಿಮುನಿಗಳು ಕಾಡಿನಲ್ಲಿ ಗೆಡ್ಡೆ-ಗೆಣಸು ತಿಂದು ತಪಸ್ಸು ಮಾಡುತ್ತಿದ್ದರು ಎಂಬ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಕೇಳುವಾಗ ಕಣ್ಣ ಮುಂದೆ ಬರುವುದು ಮಾತ್ರ ಸಂಕ್ರಾಂತಿಯ ಹೊತ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ರಾಶಿ ಬೀಳುವ ಕೆಂಪು ಸಿಪ್ಪೆಯ ಸಿಹಿಗೆಣಸು. ಆದರೆ ಯಾವ ಋಷಿಯೂ ಅದನ್ನು ತಿಂದಿರಲಾರ. ಸಿಹಿಗೆಣಸಿನ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅತ್ತ ಹೋಗಿಬಂದ ಮೇಲೆ ಅದು ಯುರೋಪಿಗೆ ಬಂತು. ಅನಂತರ ಪೋರ್ಚುಗೀಸರ ಹಡಗು ಹತ್ತಿ ಭಾರತದ ಕರಾವಳಿಯಲ್ಲಿ ಇಳಿಯಿತು.

ಹಾಗಾದರೆ ಋಷಿಗಳು ತಿಂದ ಗೆಣಸು ಯಾವುದು? ಮರಕ್ಕೆ ಹಬ್ಬುವ ಬಳ್ಳಿಯ ಬುಡದಲ್ಲಿ ಬೆಳೆಯುವ ಕಾಡುಗೆಣಸು, ಹೆಗ್ಗೆಣಸು, ಮುಳ್ಳುಗೆಣಸು. ಕನ್ನಡಿಗರು ‘ಗೆಣಸು’ ಎಂದು ಕರೆಯುತ್ತಿದ್ದುದು ಇಂಥವನ್ನು. ಹಡಗಿನಲ್ಲಿ ಬಂದ ಹೊಸಬನಿಗೂ ಅದೇ ಹೆಸರನ್ನು ಕೊಟ್ಟರು. ಈಗ ಅಂಗಡಿಯಲ್ಲಿ ‘ಗೆಣಸು ಕೊಡಿ’ ಎಂದರೆ ಸಿಗುವುದು ಹೊಸಬನೇ. ಹಳಬರನ್ನು ಕೇಳಬೇಕಾದರೆ ಹಿಂದೊಂದು ವಿಶೇಷಣ ಸೇರಿಸಬೇಕು. ಮನೆಯ ಯಜಮಾನನನ್ನು ಅವನದೇ ಮನೆಯಲ್ಲಿ ಪೂರ್ತಿ ವಿಳಾಸ ಹೇಳಿ ಕರೆಯುವ ಹಾಗೆ! ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಈ ಹಳೆಯ ತಳಿಗಳನ್ನು ಇನ್ನೂ ಬೆಳೆಯುತ್ತಾರೆ, ಅವುಗಳಿಗಾಗಿ ಮೇಳವೂ ನಡೆಯುತ್ತದೆ. ಪೇಟೆಯ ಮಂದಿಗೆ ಅವುಗಳ ಗುರುತೇ ಸಿಗುವುದಿಲ್ಲ.

ಇನ್ನೊಂದು ಹೆಸರಿನ ಕಥೆಯೂ ಉಂಟು. ‘ಬಟಾಟಾ’ ಎಂಬುದು ಕೆರಿಬಿಯನ್ ದ್ವೀಪವಾಸಿಗಳು ಸಿಹಿಗೆಣಸಿಗೆ ಹೇಳುತ್ತಿದ್ದ ಪದ. ಪೋರ್ಚುಗೀಸರ ಬಾಯಲ್ಲಿ ಸಾಗಿ ಬಂದ ಆ ಪದ ನಮ್ಮ ಉತ್ತರ ಕರ್ನಾಟಕದಲ್ಲಿ ‘ಬಟಾಟಿ’ಯಾಗಿ ಆಲೂಗಡ್ಡೆಗೆ ಅಂಟಿಕೊಂಡಿತು. ಎರಡಕ್ಕೂ ನೆಂಟಸ್ತಿಕೆಯೇನೂ ಇಲ್ಲ. ಆಲೂಗಡ್ಡೆ ಬದನೆಯ ಕುಟುಂಬದ್ದು.

ಪರದೇಶದಿಂದ ಬಂದದ್ದಕ್ಕೆ ಮಡಿ-ಮೈಲಿಗೆ ಅಡ್ಡ ಬರಲಿಲ್ಲವೆ ಎಂದರೆ, ಏಕಾದಶಿ, ಶಿವರಾತ್ರಿಯ ಉಪವಾಸದ ಮನೆಗಳನ್ನು ನೋಡಬೇಕು. ಅಂದು ಅನ್ನ ಮುಟ್ಟದವರೂ ಬೇಯಿಸಿದ ಗೆಣಸನ್ನು ತಿನ್ನುತ್ತಾರೆ. ವಿದೇಶಿ ಪದಾರ್ಥವಾದರೂ ಅದು ವ್ರತದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಿದೆ.

ಈಗ ಇದೇ ಗೆಣಸು ನಗರದ ಕೆಲವು ಅಡುಗೆಮನೆಗಳಲ್ಲಿ ಇಟಲಿಯ ವೇಷ ಹಾಕುತ್ತಿದೆ. ‘ನ್ಯೋಕ್ಕಿ’ ಎಂಬುದು ಅಲ್ಲಿನ ತಿಂಡಿ. ಹಿಟ್ಟಿನ ಸಣ್ಣ ತುಂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಸಾಸಿನಲ್ಲಿ ಹೊರಳಿಸಿ ತಿನ್ನುತ್ತಾರೆ. ರೋಮ್ ನಗರದಲ್ಲಿ ಗುರುವಾರ ನ್ಯೋಕ್ಕಿ ತಿನ್ನುವುದು ರೂಢಿ. ಇದೇನು ಹೊಸ ಹುಚ್ಚು ಎಂದು ಮೂಗು ಮುರಿಯುವ ಹಿರಿಯರಿಗೆ ಒಂದು ಸಂಗತಿ ನೆನಪಿಸಬಹುದು. ರೋಮ್‌ಗೂ ನಮ್ಮ ಮಲೆನಾಡಿಗೂ ಪರಿಚಯ ಇಂದು ನಿನ್ನೆಯದಲ್ಲ.

ಶಿವಮೊಗ್ಗದ ಕೋಟೆಯಲ್ಲಿ ತುಂಗೆಯ ದಂಡೆಯ ಅರಮನೆಗೆ ಶಿವಪ್ಪ ನಾಯಕನ ಹೆಸರಿದೆ. ಅವನಿಗಿಂತ ಮೊದಲು ಅದೇ ಕೆಳದಿ ಮನೆತನದ ವೆಂಕಟಪ್ಪ ನಾಯಕ ಇಕ್ಕೇರಿಯಿಂದ ಆಳುತ್ತಿದ್ದಾಗ, 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಬ್ಬ ಹೊರಟ. ಅವನ ಜೊತೆ ಹೊನ್ನಾವರದ ಹಾದಿಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದವನು ರೋಮ್‌ನ ಪಿಯೆತ್ರೊ ದೆಲ್ಲ ವಾಲೆ. ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದ ಮಕ್ಕಳನ್ನು ಕಂಡು ಅವನು ಬರೆದ ವಿವರ ಇಂದಿಗೂ ಇತಿಹಾಸಕಾರರಿಗೆ ಅಮೂಲ್ಯ. ಪೋರ್ಚುಗೀಸರಿಗೆ ಈ ನಾಡಿನ ಮೇಲಿದ್ದ ಆಸೆ ಕರಿಮೆಣಸಿನದು. ಅವರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕರೆದದ್ದೇ ‘ಮೆಣಸಿನ ರಾಣಿ’ ಎಂದು. ಮೆಣಸು ಹಡಗು ಹತ್ತುತ್ತಿದ್ದ ಕರಾವಳಿಯಲ್ಲಿಯೇ ಅಮೆರಿಕದ ಗೆಣಸು, ಮೆಣಸಿನಕಾಯಿ, ಗೋಡಂಬಿ ಇಳಿದವು. ಆ ಕಾಲದ ಇಟಲಿಯಲ್ಲಿ ನ್ಯೋಕ್ಕಿಯನ್ನು ಹಿಟ್ಟು, ರೊಟ್ಟಿಗಳಿಂದ ಮಾಡುತ್ತಿದ್ದರು. ಅದರೊಳಗೆ ಆಲೂಗಡ್ಡೆ ಸೇರಿದ್ದು ಬಹಳ ತಡವಾಗಿ.

ಮಾಡುವ ಬಗೆ ಕಡುಬು ಬಲ್ಲವರಿಗೆ ಕಷ್ಟವಲ್ಲ. ಗೆಣಸನ್ನು ನೀರಿನಲ್ಲಿ ಬೇಯಿಸಿದರೆ ನೀರು ಹೀರುತ್ತದೆ. ಆಮೇಲೆ ಹಿಟ್ಟು ಹೆಚ್ಚು ಸುರಿಯಬೇಕಾಗಿ ರಬ್ಬರಿನಂತಾಗುತ್ತದೆ. ಹಬೆಯಲ್ಲಿ ಬೇಯಿಸುವುದು ಮೇಲು. ಕೆಂಡದಲ್ಲಿ ಸುಟ್ಟರೆ ಇನ್ನೂ ಉತ್ತಮ. ನಿಧಾನ ಶಾಖದಲ್ಲಿ ಗೆಣಸಿನೊಳಗಿನ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಸುಟ್ಟ ಗೆಣಸಿನ ಸಿಹಿಯ ಗುಟ್ಟು ಇದೇ. ಆದರೆ ಪಿಷ್ಟ ಕಡಿಮೆಯಾದಷ್ಟೂ ಅಂಟು ಕಡಿಮೆ. ಹಾಗಾಗಿ ಅರ್ಧ ಕಿಲೋ ಗೆಣಸಿಗೆ ಸುಮಾರು 200 ಗ್ರಾಂ ಮೈದಾ ಬೇಕು. ಬಿಸಿಯಿರುವಾಗಲೇ ಸಿಪ್ಪೆ ಸುಲಿದು ಗಂಟಿಲ್ಲದಂತೆ ಹಿಸುಕಿ, ಆರಿದ ಮೇಲೆ ಉಪ್ಪು, ಮೈದಾ ಸೇರಿಸಿ ಕಲೆಸಬೇಕು. ಚಪಾತಿ ಹಿಟ್ಟಿನಂತೆ ನಾದಬಾರದು, ನಾದಿದಷ್ಟೂ ಗಟ್ಟಿ. ಚಕ್ಕುಲಿಗಿಂತ ದಪ್ಪವಾಗಿ ಹೊಸೆದು, ಹೆಬ್ಬೆರಳಿನ ಅರ್ಧದಷ್ಟು ಕತ್ತರಿಸಿ, ಕುದಿಯುವ ಉಪ್ಪುನೀರಿಗೆ ಬಿಟ್ಟರೆ ಮೊದಲು ತಳ ಸೇರುತ್ತವೆ. ಬೆಂದಾಗ ತಾವೇ ತೇಲುತ್ತವೆ. ಇನ್ನೊಂದು ನಿಮಿಷ ಬಿಟ್ಟು ತೆಗೆದರಾಯಿತು.

ಸಾಸಿಗೆ ಇಟಲಿಯವರು ಬೆಣ್ಣೆ, ಕೆನೆ, ಚೀಸ್ ಬಳಸುತ್ತಾರೆ. ಇದು ಗೆಣಸಿನ ಸಿಹಿಯ ಜೊತೆ ಸ್ವಲ್ಪ ಮುಖ ಕಟ್ಟುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಒತ್ತುಶಾವಿಗೆಗೆ ಕಾಯಿಹಾಲು ಹಾಕಿಕೊಂಡು ಉಣ್ಣುವ ಮಲೆನಾಡಿನವರಿಗೆ ದಾರಿ ಗೊತ್ತೇ ಇದೆ. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಬೆಲ್ಲ ಹಾಕದ ಗಟ್ಟಿ ಕಾಯಿಹಾಲು ಸುರಿದು, ಕುದಿ ಬರುವ ಮುನ್ನ ಇಳಿಸಬೇಕು. ಕುದಿಸಿದರೆ ಹಾಲು ಒಡೆಯುತ್ತದೆ. ಮೇಲೆ ಆಗಷ್ಟೇ ಕುಟ್ಟಿದ ಕರಿಮೆಣಸು ಧಾರಾಳವಾಗಿರಲಿ. ಆರಿದರೆ ಅಂಟಂಟಾಗುವುದರಿಂದ ಬಿಸಿಬಿಸಿಯಾಗಿಯೇ ಬಡಿಸಬೇಕು. ಮಿಕ್ಕಿದ್ದನ್ನು ಇಟಲಿಯವರು ಬೆಣ್ಣೆಯಲ್ಲಿ ಹುರಿಯುತ್ತಾರೆ. ನಮ್ಮಲ್ಲಾದರೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಸಾಕು.